ನೀರೊಳಗಿನ ಅರಳಿಕಟ್ಟೆಯ ಮೀನು

ಮಗಳ ಚೊಚ್ಚಲ ಹೆರಿಗೆ ಯಾರ ಮನೆಯಲ್ಲಿ ಆಗಬೇಕು ಎಂಬ ಮಾತಿನಿಂದ ಇದೆಲ್ಲ ಶುರುವಾಯಿತು. ಕೊನೆಗೆ ಅದು ನನ್ನನ್ನೂ ನನ್ನ ಅಣ್ಣನನ್ನೂ ಮಾಗಿಯ ಚಳಿಯಲ್ಲಿ ಕಬಿನಿ ಹಿನ್ನೀರಿನ ನಡುವೆ ಒಂದು ತೆಪ್ಪದಲ್ಲಿ ಕೂರಿಸಿತು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಾನು ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ಕಾಲೋನಿಯ ಸಂಜೆ ಶಾಲೆಯಲ್ಲಿ. ಒತ್ತಕ್ಷರ ಇವತ್ತಿಗೂ ಕೈಕೊಡುತ್ತದೆ. ಆದರೂ ನೆನಪಿರುವುದನ್ನು ನೆನಪಿರುವ ಹಾಗೆ ಬರೆಯುತ್ತೇನೆ.

ನಾವು ಹೊಳೆ ನಂಬಿದ್ದ ಜನ. ನಮ್ಮೂರು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಹೊಳೆಗೆ ಅಂಟಿಕೊಂಡೇ ಇತ್ತು. ಅಣೆಕಟ್ಟೆ ಎದ್ದ ಮೇಲೆ ಊರು ನೀರೊಳಗೆ ಹೋಯಿತು. ನಮಗೆ ಹುಣಸೂರು ಕಡೆ, ಗುರುಪುರ ದಾಟಿದ ಮೇಲೆ, ಒಣಭೂಮಿ ಕೊಟ್ಟು ಸಾಲುಮನೆ ಕಟ್ಟಿಸಿಕೊಟ್ಟರು. ಬಲೆ ಹೆಣೆದ ಕೈಗಳು ರಾಗಿ ಬಿತ್ತುವುದನ್ನೂ ಹೊಗೆಸೊಪ್ಪು ಮುರಿಯುವುದನ್ನೂ ಕಲಿತವು. ಬಲೆಗಳು ಅಟ್ಟ ಸೇರಿ ಇಲಿಯ ಪಾಲಾದವು. ಊರು ಬಿಡುವ ದಿನ ಅಳುವವರು ಅತ್ತರು. ನನ್ನ ಕಂಕುಳಲ್ಲಿ ಕೂಸಿತ್ತು, ತಲೆಯ ಮೇಲೆ ಪಾತ್ರೆ ಗಂಟಿತ್ತು, ಅಳುತ್ತ ಕೂತರೆ ಲಾರಿ ಹೋಗಿಬಿಡುತ್ತಿತ್ತು. ಆ ಕೂಸೇ ಈ ಮಗಳು.

ಗಂಡ ತೀರಿಹೋದ ಮೇಲೆ ಮಗಳನ್ನು ಸಾಕಲು ನೆರವಾದವನು ನನ್ನ ಅಣ್ಣ. ಅವನ ಮನೆ, ನನ್ನ ಮನೆ ಅಕ್ಕಪಕ್ಕ. ಅವಳನ್ನು ಕೆ.ಆರ್. ನಗರದ ಕಡೆ, ಮಿರ್ಲೆಗೆ ಕೊಟ್ಟೆವು. ಕಾಲುವೆ ನೀರಿನ ಊರು, ಭತ್ತದ ಗದ್ದೆ, ಮನೆ ತುಂಬ ಜನ. ಹುಡುಗ ಒಳ್ಳೆಯವನೇ. ಬೀಗಿತ್ತಿಯ ನಾಲಿಗೆ ಮಾತ್ರ ಕುಡುಗೋಲು. ನನ್ನ ನಾಲಿಗೆಯೂ ಮೆತ್ತಗಿನದಲ್ಲ, ಹಾಗಾಗಿ ನಾವಿಬ್ಬರೂ ಒಂದು ಕಡೆ ಕೂತರೆ ಉಳಿದವರು ಎದ್ದು ಹೋಗುತ್ತಿದ್ದರು.

ಮಗಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಕರೆದುಕೊಂಡು ಬರುವ ಮಾತಾಡಲು ಅಣ್ಣ, ನಾನು ಮಿರ್ಲೆಗೆ ಹೋದೆವು. ಚೊಚ್ಚಲು ತವರಿನಲ್ಲಿ ಆಗುವುದು ಎಲ್ಲರ ಮನೆಯ ಪದ್ಧತಿ, ಅದರಲ್ಲೇನೂ ಹೊಸದಿಲ್ಲ. ಬೀಗಿತ್ತಿ ಕಾಫಿ ಕೊಟ್ಟರು, ಎಲೆಅಡಿಕೆ ತಟ್ಟೆ ಇಟ್ಟರು, ಸೊಸೆಗೆ ಕಾಲು ಊದುತ್ತದೆ ಅಂದರು, ನಮ್ಮಲ್ಲೇ ಆಗಲಿ ಅಂದರು. ಅಣ್ಣ ಮೆಲ್ಲಗೆ, ಹೆಣ್ಣುಮಗಳು ಚೊಚ್ಚಲಿಗೆ ತನ್ನೂರಿಗೆ ಬರದಿದ್ದರೆ ಹೇಗೆ ಅಂದ. ಆಗ ಆಯಮ್ಮ ಅಂದದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅದು ಕಾಲೋನಿ ಕಣ್ರೀ, ಊರಲ್ಲ. ನಿಮ್ಮೂರು ನೀರೊಳಗದೆ. ಎರಿಗೇನ ನೀರೊಳಗೆ ಮಾಡಿಸ್ತೀರಾ?"

ಮನೆಯವರು ನಕ್ಕರು. ನನಗೆ ಉತ್ತರ ಬಾಯಿಗೆ ಬಂದಿತ್ತು, ಮಗಳ ಮುಖ ನೋಡಿ ನುಂಗಿದೆ. ಅಣ್ಣ ಮಾತ್ರ ಕಾಫಿ ಲೋಟವನ್ನು ಪೂರ್ತಿ ಕುಡಿಯದೆ ಕೆಳಗಿಟ್ಟ. ಹುಣಸೂರಿನಲ್ಲಿ ಬಸ್ಸಿಳಿದು, ಬೀಡಿ ಹಚ್ಚಿ, "ಮೀನು ತಕ್ಕೊಂಡು ಓಗವ ಕಣಮ್ಮಿ. ನಮ್ಮೂರ ಮೀನು" ಅಂದ.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಜನದಲ್ಲಿ ಬಸುರಿಯನ್ನು ತವರಿಗೆ ಕರೆದುಕೊಂಡು ಬರುವ ಮುಂಚೆ ಸೋದರಮಾವನಾದವನು ತವರೂರಿನ ನೀರಲ್ಲಿ ಹಿಡಿದ ಮೀನನ್ನು ಒಯ್ಯಬೇಕು. ತಾಯಿಯಾದವಳು ಬೀಗಿತ್ತಿಯ ಒಲೆಯ ಮೇಲೇ ಅದನ್ನು ಬೇಯಿಸಿ ಮಗಳಿಗೂ ಮನೆಯವರಿಗೂ ಬಡಿಸಬೇಕು. ಉಂಡ ಮೇಲೆ ಅತ್ತೆಯಾದವಳು ತನ್ನ ಬಾಯಿಂದಲೇ ಕರೆದುಕೊಂಡು ಹೋಗಿ ಅನ್ನಬೇಕು. ಉಂಡು ಇಲ್ಲ ಅನ್ನುವ ಹಾಗಿಲ್ಲ. ಊರು ಮುಳುಗಿದ ಮೇಲೆ ಕಾಲೋನಿಯವರು ಹುಣಸೂರು ಮಾರ್ಕೆಟ್ಟಿನಲ್ಲಿ ಮೀನು ಕೊಂಡು, ಒದ್ದೆ ಗೋಣಿಯಲ್ಲಿ ಸುತ್ತಿ, ಹೊಳೆಯಿಂದ ತಂದೆವು ಅನ್ನುತ್ತಿದ್ದರು. ಬೀಗರೂ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಉಣ್ಣುತ್ತಿದ್ದರು. ನಾನೂ ಅದನ್ನೇ ಮಾಡೋಣ ಅಂದೆ. ಮೀನು ಮೀನೇ. ಅದರ ಬೆನ್ನ ಮೇಲೆ ಊರಿನ ಹೆಸರು ಹಚ್ಚೆ ಹೊಯ್ದಿರುತ್ತದೆಯೇ?

ಅಣ್ಣ ಒಪ್ಪಲಿಲ್ಲ. ನಿಮಗೆ ಊರಿಲ್ಲ ಅಂತ ಆಯಮ್ಮ ಬಾಯಿಬಿಟ್ಟು ಅಂದಾಯಿತು, ಈಗ ಮಾರ್ಕೆಟ್ಟಿನ ಮೀನು ಒಯ್ದರೆ ಹೌದು ಅಂತ ಒಪ್ಪಿಕೊಂಡ ಹಾಗೆ ಅಂದ. ಮುಳುಗಿದ ಊರಿನ ಮೇಲೇ ತೆಪ್ಪ ನಿಲ್ಲಿಸಿ ಗಾಳ ಹಾಕುತ್ತೇನೆ ಅಂದ. ಎಲ್ಲಿ ಅಂತಲೂ ಅವನ ಮನಸ್ಸಿನಲ್ಲಿತ್ತು. ಅರಳಿಕಟ್ಟೆ.

ಊರಲ್ಲಿ ನಮ್ಮ ತವರುಮನೆಯ ಮುಂದೆ ಓಣಿ, ಓಣಿಯಾಚೆ ಅರಳಿಕಟ್ಟೆ, ಅದರಾಚೆ ಹೊಳೆ. ಕಟ್ಟೆಯ ಕಲ್ಲುಗಳು ನೀರಿನವರೆಗೂ ಇಳಿದಿದ್ದವು, ಬುಡದಲ್ಲಿ ಆಳವಾದ ಮಡುವಿತ್ತು. ಕಲ್ಲಿನ ಸಂದಿಯಲ್ಲಿ ಬಾಳೆ ಮೀನು ಸೇರಿಕೊಂಡಿರುತ್ತಿದ್ದವು. ಹಲ್ಲಿರುವ, ಚಿಪ್ಪಿಲ್ಲದ, ಕೊಬ್ಬಿದ ಮೀನು ಅದು. ನಾನು ಈ ಮಗಳನ್ನು ಹೊತ್ತಿದ್ದಾಗ ಅಣ್ಣ ಅಲ್ಲಿಂದಲೇ ಒಂದನ್ನು ಎಳೆದು ತಂದಿದ್ದ. ನನ್ನನ್ನು ಕೊಟ್ಟಿದ್ದು ಅದೇ ಊರಿನ ಕೆಳಬೀದಿಗೆ, ನಾಲ್ಕು ಮನೆ ಆಚೆಗೆ. ಆದರೂ ಪದ್ಧತಿ ಅಂದರೆ ಪದ್ಧತಿ ಅಂತ ಮೀನನ್ನು ಹೆಗಲ ಮೇಲೆ ಹಾಕಿಕೊಂಡು ಇಡೀ ಊರು ಸುತ್ತಿ ಬಂದಿದ್ದ. ನಮ್ಮತ್ತೆ ಬಾಗಿಲಲ್ಲಿ ನಿಂತು, ನಾಲ್ಕು ಮನೆ ಆಚೆಯಿಂದ ಬರಲು ಇಷ್ಟು ಹೊತ್ತೇ ಅಂತ ಕೇಳಿದ್ದರು.

ಊರು ಮುಳುಗಿದ ಕಡೆ ಈಗ ಏನುಳಿದಿರುತ್ತದೆ ಅಂತ ನಾನು ಕೇಳಿದೆ. ನಮ್ಮವು ಮಣ್ಣಿನ ಗೋಡೆ, ಮೊದಲ ಮಳೆಗಾಲಕ್ಕೇ ಕರಗಿರುತ್ತವೆ. ಹೆಂಚು, ತೊಲೆ, ಬಾಗಿಲುವಾಡವನ್ನು ನಾವೇ ಕಿತ್ತು ತಂದಿದ್ದೆವು. ಮರಗಳನ್ನು ಕಡಿದಿದ್ದರು. ಕಲ್ಲಿನದು ಮಾತ್ರ ಉಳಿದಿರಬೇಕು, ಮಾರಮ್ಮನ ಗುಡಿ, ಬಾವಿಯ ಕಟ್ಟಡ, ಅರಳಿಕಟ್ಟೆ. ಅಣ್ಣ ಹೇಳಿದ: ಬಯಲು ನೀರಲ್ಲಿ ಮೀನು ತಿರುಗಾಡುತ್ತದೆ, ಮನೆ ಮಾಡುವುದು ಕಲ್ಲಿರುವ ಕಡೆಯೇ. ಕಟ್ಟೆ ಸಿಕ್ಕರೆ ಬಾಳೆ ಸಿಕ್ಕಿದ ಹಾಗೆ.

ಧನುರ್ಮಾಸ ನಡೆದಿತ್ತು, ಸಂಕ್ರಾಂತಿ ಕಳೆಯದೆ ಬಸುರಿಯನ್ನು ಕರೆತರುವ ಹಾಗಿರಲಿಲ್ಲ. ಹಾಗಾಗಿ ಯೋಚನೆ ಮಾಡಲು ಬೇಕಾದಷ್ಟು ಹೊತ್ತು ಸಿಕ್ಕಿತು, ಅಣ್ಣ ಅದಷ್ಟನ್ನೂ ಬಳಸಿಕೊಂಡ. ಹೊಗೆಸೊಪ್ಪಿನ ಕೆಲಸ ಮುಗಿದಿತ್ತು. ದಿನಾ ಬೆಳಗ್ಗೆ ಕಂಬಳಿ ಹೊದ್ದು ಬಾಗಿಲಲ್ಲಿ ಕೂತು ಅದೇ ಮಾತು. ಹಿನ್ನೀರಿನ ದಡದಲ್ಲಿ, ಅಂತರಸಂತೆಯಿಂದ ಆಚೆ, ಅವನ ಷಡ್ಡಕ ಇದ್ದ. ಅತ್ತಿಗೆಯ ತಂಗಿಯ ಗಂಡ. ಅವನು ಈಗಲೂ ತೆಪ್ಪ ಇಟ್ಟುಕೊಂಡು ಅಲ್ಲೇ ಮೀನು ಹಿಡಿಯುವವನು, ಹಿನ್ನೀರಿನ ಮೀನಿನ ಗುತ್ತಿಗೆಯವರು ಅವನಿಗೆ ಹಿಡಿಯಲು ಚೀಟಿ ಕೊಟ್ಟಿದ್ದರು. ಕೋಟೆ ಬಸ್ಸಿನ ಕಂಡಕ್ಟರನ ಕೈಲಿ ಅವನಿಗೆ ಮಾತು ಕಳಿಸಿದೆವು. ಅವನ ಉತ್ತರ ಮೂವರು ಕಂಡಕ್ಟರರ ಬಾಯಿ ದಾಟಿ ಬಂತು: ಬನ್ನಿ, ಆದರೆ ಬಲೆ ತರಬೇಡಿ.

ಆ ಮಾತು ಸರಿಯಾಗಿತ್ತು. ಮುಳುಗಿದ ಕಲ್ಲಿಗೂ ಬೊಡ್ಡೆಗೂ ಬಲೆ ಸಿಕ್ಕಿಕೊಂಡರೆ ಕುಯ್ದು ಬಿಟ್ಟು ಬರಬೇಕು. ಗಾಳವೇ ಆಗಬೇಕು. ಅಣ್ಣ ಹುಣಸೂರು ಸಂತೆಯಲ್ಲಿ ದಪ್ಪ ದಾರ, ದೊಡ್ಡ ಗಾಳ ತಂದ. ಸೀಸದ ಗುಂಡು ಹಳೆಯ ಬಲೆಯಲ್ಲೇ ಇದ್ದವು, ಇಲಿ ಸೀಸ ತಿನ್ನುವುದಿಲ್ಲ. ನೀರಿನ ತಳ ನೋಡಲು ನಮ್ಮ ಬಾವಿ ಹಗ್ಗಕ್ಕೆ ಒಂದು ಗುಂಡುಕಲ್ಲು ಕಟ್ಟಿದೆವು. ಕಲ್ಲನ್ನು ಇಳಿಬಿಟ್ಟರೆ ಕೆಸರಿಗೆ ಬಿದ್ದದ್ದು ಕೈಗೆ ಮೆತ್ತಗೆ ತಿಳಿಯುತ್ತದೆ, ಕಲ್ಲಿಗೆ ಬಿದ್ದರೆ ಮೊಣಕೈವರೆಗೂ ಬಡಿಯುತ್ತದೆ. ಚಳಿಗೆ ಕಪ್ಪೆ ಸಿಗುವುದಿಲ್ಲ, ಗಾಳಕ್ಕೆ ಚುಚ್ಚಲು ಕೋಳಿ ಕರುಳು ಅಂತ ತೀರ್ಮಾನವಾಯಿತು. ಹೋಗಿಬರಲು ಪಕ್ಕದ ಬೀದಿಯವನ ಟೆಂಪೊ. ಅವನು ಅವರೆಕಾಯಿ ಹೇರಿ ಕೋಟೆಗೆ ಹೋಗುವವನು, ಖಾಲಿ ಗಾಡಿಯಲ್ಲಿ ನಮ್ಮನ್ನು ಹಿನ್ನೀರಿಗೆ ಬಿಟ್ಟು, ಮಧ್ಯಾಹ್ನದವರೆಗೆ ಕಾದು, ಅಲ್ಲಿಂದ ನೇರ ಮಿರ್ಲೆಗೆ ಮುಟ್ಟಿಸುತ್ತೇನೆ ಅಂದ.

ಇಷ್ಟಾದ ಮೇಲೆ ಉಳಿದದ್ದು ಊರಿನ ನಕ್ಷೆ. ಅಣ್ಣ ತನ್ನ ಮನೆ ಬಾಗಿಲಲ್ಲಿ ಕೂತು ಒಲೆಯ ಬೂದಿ ತರಿಸಿ, ನೆಲದ ಮೇಲೆ ಊರು ಬರೆಯತೊಡಗಿದ. ಇದು ನಮ್ಮ ಬಾಗಿಲು, ಇದು ಪಕ್ಕಕ್ಕೇ ಗುಡಿ, ಮುಂದಕ್ಕೆ ಓಣಿ, ಓಣಿಯಾಚೆ ಕಟ್ಟೆ. ನಾನು ಅವರೆಕಾಯಿ ಸುಲಿಯುತ್ತ ತಪ್ಪು ತೋರಿಸುತ್ತಿದ್ದೆ. ಅವನಿಗೆ ಊರು ನೆನಪಿದ್ದದ್ದು ಹೊಳೆಯ ಕಡೆಯಿಂದ, ನನಗೆ ಬಾವಿಯ ಕಡೆಯಿಂದ. ತುಂಬಿದ ಕೊಡ ಹೊತ್ತು ಎಲ್ಲಿ ತಿರುಗಬೇಕು, ಎಲ್ಲಿ ಕಾಲು ಜಾರುತ್ತದೆ, ಯಾರ ಮನೆಯ ನಾಯಿ ಕಚ್ಚುತ್ತದೆ, ಅದು ನನ್ನ ನಕ್ಷೆ.

ಬರಬರುತ್ತ ಕಾಲೋನಿಯ ಮುದುಕರೆಲ್ಲ ಬಂದು ಕೂತರು. ಒಬ್ಬರು ತಮ್ಮ ಕೊಟ್ಟಿಗೆ ಬಿಟ್ಟುಹೋಯಿತು ಅಂದರು. ಇನ್ನೊಬ್ಬರು ತಮ್ಮ ಹಿತ್ತಲನ್ನು ಬೂದಿಯಲ್ಲಿ ಎಷ್ಟು ಅಗಲ ಮಾಡಿದರೆಂದರೆ ಪಕ್ಕದ ಮನೆಯವರು ಅಲ್ಲೇ ಜಗಳಕ್ಕೆ ನಿಂತರು. ಮುಳುಗಿಹೋದ ಬೇಲಿಗೆ ಜಗಳ. ಒಬ್ಬ ಮುದುಕಿ ಒಂದು ಕಡೆ ಬೆರಳಿಟ್ಟು, ಇಲ್ಲಿ ನುಗ್ಗೆಮರ ಅಂದು ಎದ್ದುಹೋದಳು. ಅತ್ತಿಗೆ ಪಿರಿಯಾಪಟ್ಟಣದ ಕಡೆಯವಳು, ನಮ್ಮೂರಲ್ಲಿ ಎರಡೇ ವರ್ಷ ಬಾಳಿದವಳು. ಪೊರಕೆ ಹಿಡಿದು ಬಂದು, "ಮನೇಲಿ ಸೌದೆ ಒಡೆಯೋರಿಲ್ಲ, ಇವ್ರು ಬೂದೀಲಿ ಊರು ಕಟ್ತಾವ್ರೆ" ಅಂದಳು. ಆದರೂ ನಕ್ಷೆ ಇದ್ದಷ್ಟು ದಿನ ಅಲ್ಲಿ ಗುಡಿಸಲಿಲ್ಲ. ಕೊನೆಗೆ ಕೋಳಿಗಳು ಕೆದಕಿ ಹಾಳು ಮಾಡಿದವು.

ಸಂಕ್ರಾಂತಿ ಕಳೆದ ವಾರ ಹೊರಟೆವು. ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿದೆ. ಮೀನು ಸಾರಿಗೆ ಮಸಾಲೆ ಅರೆದು ಡಬ್ಬಿಗೆ ತುಂಬಿಕೊಂಡೆ. ಬೀಗಿತ್ತಿಯ ಒಲೆಯಲ್ಲಿ ಅಡುಗೆ ಮಾಡಬಹುದು, ಅವರ ಖಾರದಪುಡಿ ನಂಬಲಾಗದು. ಟೆಂಪೊ ಹಿಂದೆ ಅವರೆಕಾಯಿ ಮೂಟೆಗಳ ಮೇಲೆ ಅಣ್ಣ, ಮುಂದೆ ನಾನು. ಕೋಟೆ ದಾಟುವ ಹೊತ್ತಿಗೆ ಮಂಜು ಎಷ್ಟು ಕವಿದಿತ್ತೆಂದರೆ ಡ್ರೈವರ್ ತಲೆ ಹೊರಗೆ ಹಾಕಿ ಗಾಡಿ ಓಡಿಸಿದ.

ಷಡ್ಡಕ ದಡದಲ್ಲಿ ಬೆಂಕಿ ಕಾಯಿಸುತ್ತ ಕೂತಿದ್ದ. ನಾನೂ ತೆಪ್ಪ ಹತ್ತುತ್ತೇನೆ ಅಂದಾಗ ಅವನ ಮುಖ ಸಪ್ಪಗಾಯಿತು. ಹೆಂಗಸರು ಹತ್ತಿದರೆ ಮೀನು ದೂರ ಹೋಗುತ್ತವೆ ಅಂದ. ಮೀನಿಗೆ ಹೆಂಗಸರು ಅಂತ ತಿಳಿಯುವುದು ಹೇಗೆ, ನೀರೊಳಗಿಂದ ಸೀರೆ ಕಾಣುತ್ತದೆಯೇ ಅಂತ ಕೇಳಿದೆ. ಅಣ್ಣನ ಕಣ್ಣಿಗೆ ಪೊರೆ ಬಂದಿತ್ತು, ದೂರದ್ದು ಮಸುಕು. ನಾನಿಲ್ಲದೆ ಅವನು ಯಾವ ಗುರುತು ನೋಡಿಯಾನು? ಷಡ್ಡಕ ಗಂಗಮ್ಮನಿಗೆ ಎಲೆಅಡಿಕೆ ಬಿಟ್ಟು, ಸ್ವಲ್ಪ ಹೆಚ್ಚಿಗೇ ಕೈಮುಗಿದು, ಹುಟ್ಟು ಹಾಕಿದ.

ದಡ ಕಾಣದಾಯಿತು. ಬಿಳಿ ಬಿಟ್ಟರೆ ಏನೂ ಇಲ್ಲ. ಷಡ್ಡಕನಿಗೆ ಗುಡಿಯ ಜಾಗ ಗೊತ್ತಿತ್ತು, ಬೇಸಗೆಯಲ್ಲಿ ನೀರಿಳಿದಾಗ ಅದರ ತುದಿ ಒಂದಿಷ್ಟು ಕಾಣುತ್ತದಂತೆ. ಅವನು ಅಂದಾಜಿನಲ್ಲಿ ತೆಪ್ಪ ನಿಲ್ಲಿಸಿ ಹಗ್ಗ ಬಿಟ್ಟ, ಕಲ್ಲು ಟಣ್ಣೆಂದು ತಗುಲಿತು. ಮಾರಮ್ಮ ಅಲ್ಲೇ ಇದ್ದಳು. ಅಣ್ಣ ಕಂಬಳಿ ತೆಗೆದು ಕೈಮುಗಿದ.

ಅಲ್ಲಿಂದ ಅವನ ನಕ್ಷೆ. ಗುಡಿಯಿಂದ ಬಡಗಲಿಗೆ ಹೋಗು ಅಂದ. ಷಡ್ಡಕ ಉತ್ತರ ದಿಕ್ಕಿಗೆ ಹುಟ್ಟು ಹಾಕಿದ. ಹಗ್ಗ ಬಿಟ್ಟೆವು, ಕೆಸರು. ಇನ್ನಷ್ಟು ಮುಂದೆ, ಕೆಸರು. ಎಡಕ್ಕೆ, ಕೆಸರು. ಬಲಕ್ಕೆ, ಕೆಸರು. ಒದ್ದೆ ಹಗ್ಗ ಎಳೆದೂ ಎಳೆದೂ ಕೈಗಳು ಮರಗಟ್ಟಿದವು. ಕಟ್ಟೆಯ ಕಲ್ಲು ಯಾರಾದರೂ ಹೊತ್ತುಕೊಂಡು ಹೋದರೋ ಏನೋ ಅಂತ ಅಣ್ಣ ಗೊಣಗಿದ. ಷಡ್ಡಕನಿಗೆ ತಾಳ್ಮೆ ಮುಗಿಯಿತು. ಇಲ್ಲೇ ಗಾಳ ಹಾಕಿ, ಇಡೀ ಹಿನ್ನೀರೇ ನಿಮ್ಮೂರು ಅಂದುಕೊಳ್ಳಿ, ಯಾರು ಬಂದು ಅಳೆಯುತ್ತಾರೆ ಅಂದ.

"ಆಯಮ್ಮ ಅಳೆಯಾಕಿಲ್ಲ ಕಣಪ್ಪ. ನಾನ್ ಅಳೀತೀನಲ್ಲ" ಅಂದ ಅಣ್ಣ.

ನನಗೆ ಸಿಟ್ಟು ಬಂತು. ಮಗಳು ಅಲ್ಲಿ ಊದಿದ ಕಾಲು ಇಟ್ಟುಕೊಂಡು ದಾರಿ ನೋಡುತ್ತಿದ್ದಾಳೆ. ಮಧ್ಯಾಹ್ನದೊಳಗೆ ಮೀನು ಸಿಕ್ಕದಿದ್ದರೆ ಟೆಂಪೊದವನು ಹೊರಟುಬಿಡುತ್ತಾನೆ, ಬರಿಗೈಯಲ್ಲಿ ಮಿರ್ಲೆಗೆ ಹೋಗುವಂತಿಲ್ಲ. ಹೋಗದಿದ್ದರೆ ಬೀಗಿತ್ತಿಯ ಮಾತೇ ನಿಲ್ಲುತ್ತದೆ, ಕೂಸು ಅಲ್ಲೇ ಹುಟ್ಟುತ್ತದೆ. ಮೊಂಡುತನಕ್ಕೂ ಒಂದು ಹೊತ್ತು ಇರಬೇಕು ಅಂತ ಬೈಯಲು ಬಾಯಿ ತೆಗೆದೆ. ಅಷ್ಟರಲ್ಲಿ ಮಂಜು ತೆಳುವಾಗಿ ಬಿಸಿಲು ಕಣ್ಣಿಗೇ ಹೊಡೆಯಿತು. ನಾನು ಕಣ್ಣು ಕಿರಿದು ಮಾಡಿ ಸೆರಗು ಅಡ್ಡ ಹಿಡಿದೆ.

ಹಾಗೆ ಸೆರಗು ಹಿಡಿದದ್ದೇ, ನಮ್ಮವ್ವ ನೆನಪಾದಳು. ಮಾಗಿಯ ಬೆಳಗಿನಲ್ಲಿ ನಮ್ಮನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿ ಹೇನು ನೋಡುತ್ತಿದ್ದಳು. ಬಿಸಿಲು ಮುಖಕ್ಕೇ ಹೊಡೆದು ಕಣ್ಣು ಬಿಡಲು ಆಗುತ್ತಿರಲಿಲ್ಲ, ತಲೆ ತಿರುಗಿಸಿದರೆ ಏಟು. ಎದುರಿಗೆ ಅರಳಿಮರದ ಎಲೆಗಳ ಸಂದಿಯಿಂದಲೇ ಸೂರ್ಯ ಏರುತ್ತಿದ್ದ. ಕಾಲೋನಿಯಲ್ಲಿ ನಮ್ಮ ಬಾಗಿಲಿಗೆ ಬೆಳಗಿನ ಬಿಸಿಲು ಬರುವುದಿಲ್ಲ. ಚಳಿ ಕಾಯಿಸಬೇಕಾದರೆ ಮನೆಯ ಪಕ್ಕದ ಗೋಡೆಗೆ ಹೋಗಬೇಕು. ಅಲ್ಲಿ ಬಾಗಿಲುಗಳೆಲ್ಲ ರಸ್ತೆಗೆ, ಬಡಗಲಿಗೆ. ಊರಿನಲ್ಲಿ ನಮ್ಮ ಬಾಗಿಲು ಮೂಡಲಿಗಿತ್ತು.

ಇಪ್ಪತ್ತು ವರ್ಷ ಬಡಗಲ ಬಾಗಿಲಲ್ಲಿ ಹೋಗಿಬಂದು ನಮ್ಮ ತಲೆಯೊಳಗಿನ ಊರೂ ಬಡಗಲಿಗೆ ತಿರುಗಿಬಿಟ್ಟಿತ್ತು. ಕಾಲೋನಿಯ ಹೊಸ್ತಿಲಿಗೆ ಹೊಂದಿಸಿ ಅಣ್ಣ ಬೂದಿಯಲ್ಲಿ ಬರೆದ, ಮುಂದೆ ಅಂದರೆ ಬಡಗಲು ಅಂದುಕೊಂಡ. ಅಷ್ಟು ಜನ ಮುದುಕರು ಸುತ್ತ ಕೂತು ಒಂದೊಂದು ಕೊಟ್ಟಿಗೆಗೂ ಜಗಳ ಕಾಯ್ದರಲ್ಲ, ಊರಿಗೆ ಊರೇ ತಿರುಗಿ ಕೂತದ್ದು ಒಬ್ಬರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ.

"ಅಣ್ಣಯ್ಯ, ನಮ್ ಜಗಲಿ ಮ್ಯಾಲೆ ಕೂತ್ರೆ ಬೆಳಗಿನ ಬಿಸ್ಲು ಎಲ್ಲಿ ಬೀಳ್ತಿತ್ತು?" ಅಂತ ಕೇಳಿದೆ.

ಅವನು ಬೀಡಿ ಬಾಯಿಂದ ತೆಗೆದು, ಸುಮ್ಮನೆ ಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ಅವನಿಗೂ ಮೈಗೇ ನೆನಪಾಯಿತು. ಷಡ್ಡಕನಿಗೆ ಏನೂ ಅರ್ಥವಾಗಲಿಲ್ಲ. ಗುಡಿಗೆ ವಾಪಸು ಹೋಗಿ, ಅಲ್ಲಿಂದ ಬಿಸಿಲಿಗೆ ಎದುರಾಗಿ ನಡೆಸು ಅಂದೆವು.

ಕಲ್ಲು ತಗುಲಿತು. ಒಂದು ಸಲ ಅಲ್ಲ, ತೆಪ್ಪ ತುಸು ಜರುಗಿದಂತೆಲ್ಲ ಟಣ್, ಟಣ್, ಮೆಟ್ಟಿಲಿಳಿದ ಹಾಗೆ ಆಳ ಹೆಚ್ಚುತ್ತ ಹೋಯಿತು. ಅಣ್ಣ ಹಗ್ಗವನ್ನು ನನ್ನ ಕೈಗೆ ಕೊಟ್ಟ. ನಾನೂ ಎತ್ತಿ ಎತ್ತಿ ಇಳಿಸಿದೆ. ಮೂರನೇ ಸಾಲಿನ ಕಲ್ಲಿನ ಮೇಲೆ ನಾನು ಬಟ್ಟೆ ಒಗೆಯುತ್ತಿದ್ದೆ. ಮೈಲಿಗೆ ಬಟ್ಟೆ, ಕೂಸಿನ ಬಟ್ಟೆ, ಗಂಡನ ಪಂಚೆ. ಕೈಯೊಳಗಿನ ಹಗ್ಗ ಆ ಕಲ್ಲನ್ನು ಮುಟ್ಟಿ ಬರುತ್ತಿತ್ತು. ರೊಟ್ಟಿ ಬಿಚ್ಚಿ ಮೂವರೂ ತಿಂದೆವು. ಷಡ್ಡಕ, ನಿಮ್ಮ ಮನೆ ಮುಂದೆ ಕೂತು ನಿಮ್ಮ ರೊಟ್ಟಿ ತಿಂದಂಗಾಯ್ತು ಅಂತ ನಕ್ಕ.

ಮೊದಲು ಬಂದದ್ದು ಜಿಲೇಬಿ ಮೀನು. ಅಣ್ಣ ಅದನ್ನು ತಿರುಗಿಸಿ ನೋಡಿ ಷಡ್ಡಕನ ಬುಟ್ಟಿಗೆ ಎಸೆದ. ಇದು ಲಾರಿಯಲ್ಲಿ ತಂದು ಬಿಟ್ಟ ಮರಿ, ಇದು ನಮ್ಮೂರದಲ್ಲ ಅಂದ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಿಸಿಲು ನೆತ್ತಿಗೆ ಏರುತ್ತಿದ್ದಾಗ ದಾರ ಒಮ್ಮೆಲೇ ಕೆಳಗೆಳೆಯಿತು. ಮೀನು ಗಾಳ ನುಂಗಿ ಕಲ್ಲಿನ ಸಂದಿಗೆ ನುಗ್ಗಿತ್ತು. ಅಣ್ಣ ದಾರವನ್ನು ಬಲಗೈಗೆ ಸುತ್ತಿಕೊಂಡ. ಬಿಡು, ಕೈ ಕುಯ್ಯುತ್ತದೆ ಅಂದರೆ ಕೇಳಲಿಲ್ಲ. ಎಳೆಯಲೂ ಇಲ್ಲ, ಸಡಿಲ ಬಿಡಲೂ ಇಲ್ಲ. ತೆಪ್ಪದ ಅಂಚಿಗೆ ಮಂಡಿಯೂರಿ ಸುಮ್ಮನೆ ಹಿಡಿದುಕೊಂಡ. ರಕ್ತ ದಾರದ ಉದ್ದಕ್ಕೂ ಇಳಿದು ನೀರಿಗೆ ತೊಟ್ಟಿಕ್ಕಿತು. ಎಷ್ಟೋ ಹೊತ್ತಿನ ಮೇಲೆ ಮೀನೇ ಸೋತು ಸಂದಿಯಿಂದ ಹೊರಬಂತು. ಬಾಳೆ. ನನ್ನ ತೋಳಿನಷ್ಟು ಉದ್ದ, ಬೆಳ್ಳಿ ಹೊಟ್ಟೆ, ಅಗಲ ಬಾಯಿ. ಗಾಳ ಬಿಡಿಸುವಾಗ ಅದೇ ಕೈಗೆ ಹಲ್ಲನ್ನೂ ಹಾಕಿತು. ಅಣ್ಣ ನಗುತ್ತಿದ್ದ. ನಾನು ಸೆರಗಿನ ತುದಿ ಹರಿದು ಕಟ್ಟಿದೆ.

ಒದ್ದೆ ಗೋಣಿಯಲ್ಲಿ ಮೀನು ಸುತ್ತಿಕೊಂಡು ಹುಣಸೂರು, ಕೆ.ಆರ್. ನಗರ ದಾಟಿ ಮಿರ್ಲೆಗೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಬೀಗಿತ್ತಿ ಮೀನನ್ನು ನೋಡಿದರು, ಅಣ್ಣನ ಒದ್ದೆ ಬಟ್ಟೆ ನೋಡಿದರು, ಒಲೆ ತೋರಿಸಿದರು. ನಾನು ಹುಣಸೆಹುಳಿ ಹಿಂಡಿ ಸಾರು ಮಾಡಿದೆ, ಮುದ್ದೆ ಕಟ್ಟಿದೆ. ಆಯಮ್ಮ ಹಿಂದೆಯೇ ನಿಂತು ಮಸಾಲೆಗೆ ಏನೇನು ಹಾಕಿದ್ದೀರಿ ಅಂತ ಕೇಳುತ್ತಿದ್ದರು. ನಾನು ಒಂದು ಸಾಮಾನು ಬಿಟ್ಟು ಹೇಳಿದೆ.

ಎಲ್ಲರೂ ಸಾಲಾಗಿ ಕೂತರು. ಮಗಳಿಗೆ ಮೊದಲು ಬಡಿಸಿದೆ. ಅವಳು ಒಂದು ತುಂಡು ಬಾಯಿಗಿಟ್ಟಳು, ಎರಡನೆಯದಕ್ಕೆ ಬಾಯಿಗೆ ಸೆರಗು ಅದುಮಿಕೊಂಡು ಹಿತ್ತಲಿಗೆ ಓಡಿದಳು. ಅವಳಿಗೆ ವಾರದಿಂದ ಮೀನಿನ ವಾಸನೆಯೇ ಆಗುತ್ತಿರಲಿಲ್ಲವಂತೆ, ಯಾರಿಗೂ ಹೇಳಿರಲಿಲ್ಲ. ಅಷ್ಟೆಲ್ಲ ಮಾಡಿ ಮೀನು ತಂದದ್ದು ಯಾರಿಗೋ, ಅವಳೇ ಉಣ್ಣದೆ ಎದ್ದುಹೋದಳು. ಸೌಟು ಹಿಡಿದು ನಿಂತಿದ್ದ ನನಗೆ ಎಲ್ಲ ಮುಗಿಯಿತು ಅನ್ನಿಸಿತು.

ಬೀಗಿತ್ತಿ ಮಾತ್ರ ತಲೆ ತಗ್ಗಿಸಿ ಉಣ್ಣುತ್ತಿದ್ದರು. ತಲೆಯ ತುಂಡು ಕೇಳಿ ಹಾಕಿಸಿಕೊಂಡು ಮುಳ್ಳು ಚೀಪಿದರು. ಆಮೇಲೆ ಎದುರಿಗೆ ಕೂತ ಅಣ್ಣನ ತಟ್ಟೆ ನೋಡಿದರು. ಮುದ್ದೆ ಹಾಗೇ ಇತ್ತು. ಉಣ್ಣುವ ಕೈಯೇ ಕಟ್ಟಿಕೊಂಡ ಕೈ, ಎಡಗೈಯಲ್ಲಿ ಅವನು ಉಣ್ಣುವವನಲ್ಲ. ಏನಾಯಿತು ಅಂತ ಕೇಳಿದರು. ಅಣ್ಣ ಹೇಳಿದ. ಗುಡಿ, ಕೆಸರು, ಬಿಸಿಲು, ಕಟ್ಟೆ, ಎಲ್ಲವನ್ನೂ ಹೇಳಿದ, ಊರು ತಿರುಗಿ ಕೂತಿದ್ದನ್ನೂ ಮುಚ್ಚಿಡಲಿಲ್ಲ. ಮನೆಯವರು ನಕ್ಕರು. ಈ ಸಲ ಆಯಮ್ಮ ನಗಲಿಲ್ಲ. ಎದ್ದು ಒಳಗೆ ಹೋಗಿ ಶೋಕೇಸಿನಿಂದ ಒಂದು ಚಮಚ ತಂದು ಅವನ ತಟ್ಟೆಗಿಟ್ಟರು. ಚಮಚದಲ್ಲಿ ಮುದ್ದೆ ನುಂಗಿದವನನ್ನು ನಾನು ಅವತ್ತಿನ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಅವನು ತಿಂದು ಮುಗಿಸುವವರೆಗೂ ಬೀಗಿತ್ತಿ ಅಲ್ಲೇ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಊರಿಲ್ಲ ಅಂದಿದ್ದು ಬಾಯ್ಮಾತಿಗೆ ಕಣ್ ಬೀಗ್ತಿ. ನಿಮ್ ಕಾಲೋನಿಗೆ ಸಂಜೆ ಆದ್ಮೇಲೆ ಬಸ್ಸಿಲ್ಲ. ವತ್ತಲ್ಲದ ವತ್ನಲ್ಲಿ ನೋವು ಬಂದ್ರೆ ನನ್ ಸೊಸೇನ ಯಾತ್ರ ಮ್ಯಾಲೆ ಆಸ್ಪತ್ರೆಗೆ ಒಯ್ತೀರಿ, ಅದು ನನ್ ಚಿಂತೆ."

ಇದನ್ನು ಅವತ್ತೇ ಹೇಳಿದ್ದರೆ ನಾವು ಕಬಿನಿಗೆ ಹೋಗುತ್ತಲೇ ಇರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೂಬಿಟ್ಟೆ. ಆಯಮ್ಮನೂ, ಹೇಳಿದ್ದರೆ ಇಷ್ಟು ಒಳ್ಳೆ ಮೀನು ಸಿಗುತ್ತಿತ್ತೇ ಅಂದರು. ಅಣ್ಣ ಟೆಂಪೊ ಕಡೆ ಕೈ ತೋರಿಸಿ, ಹೆರಿಗೆಯಾಗುವವರೆಗೂ ಅದು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ ಅಂದ. ಟೆಂಪೊದವನಿಗೆ ಈ ಮಾತು ಹೊಸದು. ಅವನು ಬಾಯಿ ತುಂಬ ಮುದ್ದೆ ಇಟ್ಟುಕೊಂಡು ತಲೆಯಾಡಿಸಿದ.

ಬೀಗಿತ್ತಿ ಅವನನ್ನೂ ಅಣ್ಣನನ್ನೂ ಒಂದು ಗಳಿಗೆ ನೋಡಿದರು.

"ನೀರೊಳಗೆ ಕಲ್ಲು ಉಡುಕ್ದೋರು ಗಾಡಿ ಉಡುಕ್ತೀರಿ, ಬುಡಿ. ಕರ್ಕೊಂಡೋಗಿ ಬೀಗ್ರೇ" ಅಂದರು.

ಮಾರನೆಯ ದಿನ ಬೆಳಗ್ಗೆ ಮಡಿಲು ತುಂಬಿಸಿಕೊಂಡು ಹೊರಟೆವು. ಟೆಂಪೊದಲ್ಲಿ ಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ. ಮಗಳು ಮುಂದಿನ ಸೀಟಿನಲ್ಲಿ ಕೂತವಳೇ ಮೂಗು ಮುಚ್ಚಿಕೊಂಡು, "ಮಾವ ಇಲ್ಲಿ ಕೂತ್ರೆ ನಾನು ಇಳಿದ್ಬುಡ್ತೀನಿ" ಅಂದಳು. ಅಣ್ಣ ಹಿಂದೆ ಹತ್ತಿ, ಬೀಗರು ಕಟ್ಟಿಕೊಟ್ಟ ಅಕ್ಕಿ ಮೂಟೆಗೆ ಒರಗಿ, ಕಂಬಳಿ ಮುಸುಕು ಹಾಕಿಕೊಂಡ. ಕೆ.ಆರ್. ನಗರ ದಾಟಿದ ಮೇಲೆ ನಾನು ಹಿಂದಿನ ಕಿಂಡಿಯಿಂದ ನೋಡಿದೆ. ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಮಗಳು ವಾಸನೆ ಅಂತ ಕಿಟಕಿ ಏರಿಸಗೊಡಲಿಲ್ಲ. ಹುಣಸೂರಿನವರೆಗೂ ನಾನು, ಡ್ರೈವರ್ ಗಡಗಡ ನಡುಗುತ್ತ ಕೂತಿದ್ದೆವು.